ಮೊದಲು ಬೋರನ್ನು ಕೇಳಿ

ಆಳಂದದಲ್ಲಿ ಬೋರ್ ಕೊರೆಸಿದವರಿಗೆ ಬೀಳುವ ಮೊದಲ ಪ್ರಶ್ನೆ: ‘ಎಷ್ಟು ಎಚ್‌ಪಿ ಮೋಟರ್ ಇಳಿಸೀರಿ?’ ನೀರೆತ್ತುವ ಯಂತ್ರಗಳ ಹುಚ್ಚು ಹತ್ತಿದ ನನಗೆ ಇದು ತಲೆಕೆಳಗಾದ ಪ್ರಶ್ನೆ. ಬೋರು ಎಷ್ಟು ಕೊಡುತ್ತದೆ ಎಂಬುದು ಗೊತ್ತಾದ ಮೇಲಲ್ಲವೇ ಮೋಟರಿನ ಮಾತು?

ಆಳಂದ, ಅಫಜಲಪುರದ ಎರೆಮಣ್ಣಿನ ಅಡಿಯಲ್ಲಿರುವುದು ಕಪ್ಪು ಬಸಾಲ್ಟ್. ಬಿರುಕುಗಳಲ್ಲಿ, ಲಾವಾ ಪದರಗಳ ನಡುವಿನ ಸಂದಿನಲ್ಲಿ ಇದ್ದಷ್ಟೇ ನೀರು. ಜೇವರ್ಗಿಯಲ್ಲಿ ಕೆಲವೆಡೆ ಸುಣ್ಣಕಲ್ಲು ಬರುತ್ತದೆ; ಅದರ ಲೆಕ್ಕವೇ ಬೇರೆ.

ಹಳೆಯ ಬಾವಿಗಳ ಗೋಡೆಯಲ್ಲಿ ಅರ್ಧಕ್ಕೆ ಕಟ್ಟೆ ಕಟ್ಟಿ ಎಂಜಿನ್ ಕೂರಿಸಿದ್ದನ್ನು ನೋಡಿದ್ದೀರಲ್ಲ? ಹೀರುವ ಪಂಪಿಗೆ ನೀರನ್ನು ಮೇಲಕ್ಕೆ ತಳ್ಳಿಕೊಡುವುದು ಗಾಳಿಯ ಒತ್ತಡ. ಅದರ ಮಿತಿ ಸಮುದ್ರಮಟ್ಟದಲ್ಲೇ ಸುಮಾರು 34 ಅಡಿ, ಬಳಕೆಯಲ್ಲಿ ಇನ್ನೂ ಕಡಿಮೆ. ಅದಕ್ಕೇ ಎಂಜಿನ್ನೇ ನೀರಿನ ಹತ್ತಿರ ಇಳಿಯಿತು.

ಕೈಪಂಪಿಗೆ ಆ ತಾಪತ್ರಯವಿಲ್ಲ. ಅದರ ಸಿಲಿಂಡರ್ ನೀರಿನೊಳಗೇ ಮುಳುಗಿ, ಸರಳು ಮೇಲೆ ಕೆಳಗೆ ಆಡುತ್ತದೆ. ದೇಶದ ಊರೂರು ತಲುಪಿದ ‘ಇಂಡಿಯಾ ಮಾರ್ಕ್ 2’ಕ್ಕೆ ಮೂಲ ನಮ್ಮ ನೆರೆಯ ಸೊಲ್ಲಾಪುರದ ಪಂಪು.

ಹೊಲಕ್ಕೆ ಸಬ್‌ಮರ್ಸಿಬಲ್ಲೇ ರಾಜ. ಆದರೆ ಮೋಟರನ್ನು ತಂಪಾಗಿಡುವುದು ಸುತ್ತ ಹರಿಯುವ ನೀರೇ. ಬೋರು ಕೊಡುವುದಕ್ಕಿಂತ ಹೆಚ್ಚು ಎಳೆದರೆ ನೀರು ಕುಸಿದು ವೈಂಡಿಂಗ್ ಸುಡುತ್ತದೆ.

ನೀರು ಕಡಿಮೆ, ಮಣ್ಣು ಹೆಚ್ಚು ಇರುವ ಬೋರಿಗೆ ನನ್ನ ಒಲವು ಕಂಪ್ರೆಸರ್ ಕಡೆಗೆ. ಸಣ್ಣ ಪೈಪಿನಲ್ಲಿ ಗಾಳಿ ಬಿಟ್ಟರೆ ಗುಳ್ಳೆ ಬೆರೆತ ನೀರು ಹಗುರಾಗಿ ತಾನೇ ಮೇಲೇರುತ್ತದೆ. ಬೋರಿನೊಳಗೆ ತಿರುಗುವ, ಸವೆಯುವ ಭಾಗವೇ ಇಲ್ಲ. ಕರೆಂಟು ಮಾತ್ರ ಜಾಸ್ತಿ ತಿನ್ನುತ್ತದೆ. ಪೈಪು ಸಾಕಷ್ಟು ಆಳ ಮುಳುಗಿರದಿದ್ದರೆ ಬರೀ ಗಾಳಿ ಊದುತ್ತದೆ.

ನೈಸರ್ಗಿಕ ಅನಿಲದ ಬಾವಿಯವರದೂ ಇದೇ ಗೋಳು. ಅಲ್ಲಿ ಅನಿಲವೇ ರಭಸದಿಂದ ನೀರನ್ನು ಹೊತ್ತು ತರುತ್ತದೆ. ಒತ್ತಡ ಇಳಿದು ವೇಗ ತಗ್ಗಿದರೆ ನೀರು ತಳದಲ್ಲೇ ನಿಂತು ಬಾವಿಯ ಉಸಿರು ಕಟ್ಟಿಸುತ್ತದೆ. ಎಷ್ಟು ವೇಗ ಬೇಕೆಂಬ ಲೆಕ್ಕವನ್ನು ಟರ್ನರ್ ಮತ್ತು ಸಂಗಡಿಗರು 1969ರಲ್ಲಿ ಕೊಟ್ಟರು. ವೇಗ ಸಾಲದಿದ್ದರೆ ಪೈಪು ಕಿರಿದು ಮಾಡುತ್ತಾರೆ, ಸಾಬೂನಿನಂಥ ದ್ರಾವಣ ಸುರಿದು ನೊರೆ ಎಬ್ಬಿಸುತ್ತಾರೆ, ಇಲ್ಲವೇ ನಮ್ಮ ಕಂಪ್ರೆಸರಿನ ತತ್ವದಲ್ಲೇ ಮೇಲಿನಿಂದ ಅನಿಲ ಬಿಡುತ್ತಾರೆ. ಯಾವುದೆಂದು ತೀರ್ಮಾನಿಸುವುದು ಬಾವಿಯನ್ನು ಅಳೆದ ಮೇಲೆಯೇ.

ನಮ್ಮಲ್ಲಿ ಅಳೆಯಲು 200 ಲೀಟರಿನ ಬ್ಯಾರಲ್ ಸಾಕು. ಬಾಡಿಗೆ ಪಂಪು ಇಳಿಸಿ, ಬ್ಯಾರಲ್ ಎಷ್ಟು ಸೆಕೆಂಡಿಗೆ ತುಂಬಿತು ನೋಡಿ. ಮೂರು ತಾಸು ಬಿಟ್ಟು ಮತ್ತೆ ನೋಡಿ. ಎರಡನೆಯ ಲೆಕ್ಕವನ್ನೇ ಅಂಗಡಿಗೆ ಒಯ್ಯಿರಿ. ಅಳೆಯುವುದು ಮಾತ್ರ ಬೇಸಿಗೆಯಲ್ಲಿ. ಶ್ರಾವಣದಲ್ಲಿ ಎಲ್ಲ ಬೋರೂ ಧಾರಾಳಿಯೇ.