ಬೆಲ್ಲದ ಕಾಫಿ ಮತ್ತು ಸಕ್ಕರೆ ಕಾಯಿಲೆ

ಮಳವಳ್ಳಿಯಲ್ಲಿ ಅಪ್ಪ ರಕ್ತ ಕೊಟ್ಟು ಬಂದ ಸಂಜೆ ಲ್ಯಾಬ್ ರಿಪೋರ್ಟಿನ ಫೋಟೊ ನನ್ನ ವಾಟ್ಸಾಪಿಗೆ ಬಂತು. ಎಚ್‌ಬಿಎ1ಸಿ 9.1. ಆರೂವರೆ ದಾಟಿದರೇ ಡಯಾಬಿಟೀಸ್ ಅನ್ನುತ್ತಾರೆ. ಫೋನ್ ಮಾಡಿದರೆ ಅಪ್ಪನಿಗೇ ಆಶ್ಚರ್ಯ. "ಸಕ್ರೆ ಬುಟ್ಟು ಎರಡು ವರ್ಸ ಆಯ್ತು ಕಣ್ಲಾ. ಬೆಲ್ಲದ್ ಕಾಪಿನೇ ಕುಡಿಯಾದು ನಾನು."

ಸುಳ್ಳಲ್ಲ. ಸಕ್ಕರೆ ಕಾಯಿಲೆ ಅಂದರು, ಸಕ್ಕರೆ ಬಿಟ್ಟರು. ಹೆಸರು ಹೇಳಿದಂತೆ ನಡೆದುಕೊಂಡಿದ್ದಾರೆ.

ವೈದ್ಯಕೀಯ ಪದಗಳ ವಿಷಯ ಬಂದಾಗಲೆಲ್ಲ ನಾವು ಸಂಸ್ಕೃತ ಬೇಕೋ ಅಚ್ಚಗನ್ನಡ ಬೇಕೋ ಅಂತ ಕಿತ್ತಾಡುತ್ತೇವೆ. ನಾನು ಎರಡನೇ ಗುಂಪಿನವನು. ಡಿ.ಎನ್. ಶಂಕರ ಬಟ್ಟರ 'ಇಂಗ್ಲಿಶ್ ಪದಗಳಿಗೆ ಕನ್ನಡದ್ದೇ ಪದಗಳು' ಪುಸ್ತಕದ ಹೆಸರು ಕೇಳಿಯೇ ಖುಷಿಪಟ್ಟವನು. ಅದಕ್ಕೆ ಕಾರಣವೂ ಇತ್ತು. ಭಾನುವಾರ ಮಟನ್ ಅಂಗಡಿಯಲ್ಲಿ ಈಲಿ ಗೊತ್ತಿತ್ತು. ಸ್ಕೂಲಿನ ವಿಜ್ಞಾನದ ಪುಸ್ತಕದಲ್ಲಿ ಪಿತ್ತಜನಕಾಂಗವನ್ನು ಉರು ಹೊಡೆದೆ. ಆಸ್ಪತ್ರೆಯಲ್ಲಿ ಲಿವರ್ ಕೇಳಿದೆ. ಮೂರೂ ಒಂದೇ ಅಂತ ಗೊತ್ತಾಗಿದ್ದು ಬಿಇ ಮುಗಿದ ಮೇಲೆ! ಮೇದೋಜೀರಕ ಗ್ರಂಥಿ ಎಲ್ಲಿದೆ ಅಂತ ಇವತ್ತಿಗೂ ಹೊಟ್ಟೆ ಮುಟ್ಟಿ ತೋರಿಸಲಾರೆ.

ಆದರೆ ಅಪ್ಪನಿಗೆ ಅರ್ಥವಾಗದ ಪದದಿಂದ ತೊಂದರೆ ಆಗಲಿಲ್ಲ, ಚೆನ್ನಾಗಿ ಅರ್ಥವಾದ ಪದದಿಂದ ಆಯ್ತು. ಅದೇ ನನಗೆ ಕಿರಿಕಿರಿ.

ಮಧುಮೇಹ ತಗೊಳ್ಳಿ. ಜೇನಿನಂಥ ಮೂತ್ರ ಅನ್ನುವ ಅರ್ಥ. ಡಯಾಬಿಟೀಸ್ ಮೆಲಿಟಸ್ಸಿನ ಮೆಲಿಟಸ್ಸಿನಲ್ಲೂ ಅದೇ ಜೇನಿದೆ. ಮೂತ್ರಕ್ಕೆ ಇರುವೆ ಮುತ್ತಿದರೆ ಕಾಯಿಲೆ ಅನ್ನುವ ಹಳ್ಳಿ ಮಾತೂ ಇದರ ದಾಯಾದಿಯೇ. ಆದರೆ 100 ಮಿ.ಲೀ. ರಕ್ತದಲ್ಲಿ ಸಕ್ಕರೆ ಸುಮಾರು 180 ಮಿಲಿಗ್ರಾಂ ದಾಟಿದ ಮೇಲೇ ಸಾಮಾನ್ಯವಾಗಿ ಅದು ಮೂತ್ರಕ್ಕೆ ಇಳಿಯುವುದು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 126 ಇದ್ದರೇ ಕಾಯಿಲೆ ಅನ್ನುತ್ತಾರೆ. ಇರುವೆಗಾಗಿ ಕಾದವನಿಗೆ ಕಾಯಿಲೆ ಬಂದು ಎಷ್ಟು ದಿನವಾಗಿರುತ್ತೋ.

ಸಕ್ಕರೆ ಕಾಯಿಲೆ ಅನ್ನುವ ಹೆಸರಿಗೆ ಬೆಲ್ಲ ಕಾಣುವುದಿಲ್ಲ. ಆಲೆಮನೆಯಲ್ಲಿ ಕುದಿಯುವುದೂ ಅದೇ ಕಬ್ಬಿನ ಹಾಲು, ಬೆಲ್ಲದಲ್ಲೂ ಬಹುಪಾಲು ಅದೇ ಸುಕ್ರೋಸ್. ಅನ್ನ, ಮುದ್ದೆಗಳೂ ಕೊನೆಗೆ ರಕ್ತದಲ್ಲಿ ಗ್ಲೂಕೋಸೇ. ಮದ್ದೂರಿನಲ್ಲಿ ಎರಡನೇ ವಡೆ ಮುರಿಯುತ್ತಾ "ಕಾಫಿಗೆ ಸಕ್ಕರೆ ಬ್ಯಾಡ ಕಣಪ್ಪ, ಶುಗರ್ ಐತೆ" ಅನ್ನುವವರನ್ನು ನೀವೂ ನೋಡಿರುತ್ತೀರಿ. ಆ ವಡೆಯಲ್ಲಿರುವುದು ಅಕ್ಕಿಹಿಟ್ಟು, ಮೈದಾ, ರವೆ.

ಶುಗರ್ ಅನ್ನುವುದಂತೂ ಇನ್ನೂ ಗೊಂದಲ. (1933ರಲ್ಲಿ ಮೈಷುಗರ್ ಕಂಪನಿ ಹುಟ್ಟಿದ ಮಂಡ್ಯದಲ್ಲಿ ಶುಗರ್ ಅಂದರೆ ಕಾರ್ಖಾನೆಯೂ ಹೌದು, ಆ ಮಾತು ಬಿಡಿ.) ಕಾಯಿಲೆಗೂ ಅದೇ ಹೆಸರು, ಆ ದಿನದ ಅಳತೆಗೂ ಅದೇ ಹೆಸರು. ಒಂದು ಬೆಳಿಗ್ಗೆ 98 ಬಂದರೆ "ಶುಗರ್ ಹೋಯ್ತು" ಅಂತ ಮಾತ್ರೆ ನಿಲ್ಲಿಸಿದವರು ನಮ್ಮ ಬೀದಿಯಲ್ಲೇ ಇದ್ದಾರೆ.

ಆ ಆಟ ಎಚ್‌ಬಿಎ1ಸಿ ಹತ್ತಿರ ನಡೆಯಲ್ಲ. ಕೆಂಪು ರಕ್ತಕಣ ಬದುಕುವುದು ಸುಮಾರು 120 ದಿನ. ಅದರ ಹಿಮೋಗ್ಲೋಬಿನ್ನಿಗೆ ಗ್ಲೂಕೋಸ್ ಅಂಟಿಕೊಳ್ಳುತ್ತೆ, ರಕ್ತದಲ್ಲಿ ಹೆಚ್ಚಿದ್ದಷ್ಟೂ ಹೆಚ್ಚು ಅಂಟುತ್ತೆ. ಎರಡು ದಿನ ಪಥ್ಯ ಮಾಡಿ ಹೋದರೆ ಅದು ಅಳಿಸಿಹೋಗಲ್ಲ. ಇಷ್ಟು ಕೆಲಸದ ಟೆಸ್ಟಿಗೆ ಪಾಸ್‌ವರ್ಡಿನಂಥ ಹೆಸರು. ಗ್ಲೈಕೇಟೆಡ್ ಹಿಮೋಗ್ಲೋಬಿನ್ ಅಂತ ಬಿಡಿಸಿ ಹೇಳಿದರೂ ಅಪ್ಪನಿಗೆ ಅಷ್ಟೇ. ರಕ್ತ ತೆಗೆದ ಲ್ಯಾಬಿನ ಹುಡುಗ ಮಾತ್ರ "ಮೂರು ತಿಂಗಳ ಲೆಕ್ಕ ಯಜಮಾನ್ರೇ" ಅಂದಿದ್ದನಂತೆ. ಕೊನೆಯ ತಿಂಗಳ ತೂಕ ಹೆಚ್ಚು ಅನ್ನುವುದು ಅದರಲ್ಲಿ ಬರಲ್ಲ, ನಿಜ. ಆದರೂ ಈ ವಿಷಯದಲ್ಲಿ ನಾನು ಕೇಳಿದ ಅತ್ಯುತ್ತಮ ಕನ್ನಡ ಪದ ಅದು. ಸಂಸ್ಕೃತವೋ ಅಚ್ಚಗನ್ನಡವೋ ಅಂತ ಆ ಹುಡುಗ ಯೋಚಿಸಿರಲಿಕ್ಕಿಲ್ಲ.

ಫೋನಿನಲ್ಲಿ ನಾನೂ ಅದನ್ನೇ ಹೇಳಿದೆ. "ಮೂರು ತಿಂಗಳ ಲೆಕ್ಕ ಅಪ್ಪ ಅದು."

"ಬೆಲ್ಲನೂ ಲೆಕ್ಕಕ್ಕೆ ಬತ್ತದಾ?"

"ಬರುತ್ತಪ್ಪ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದರು, "ಮುದ್ದೆ?"