ಪಾಕಗ್ರಂಥಗಳೂ ಪೋಷಣಶಾಸ್ತ್ರದ ವ್ಯಾಸಂಗವೂ

ಆಹಾರಪೋಷಣಶಾಸ್ತ್ರವನ್ನು ಸ್ನಾತಕೋತ್ತರ ಪದವಿಗಾಗಿ ಅಭ್ಯಸಿಸುವ ವಿದ್ಯಾರ್ಥಿಯು ರಸಾಯನಶಾಸ್ತ್ರ, ಶರೀರಶಾಸ್ತ್ರ, ಸಂಖ್ಯಾಶಾಸ್ತ್ರಗಳಲ್ಲಿ ಪರಿಶ್ರಮವನ್ನು ಹೊಂದತಕ್ಕುದು ಸರಿಯೆ. ಆದರೆ ಕನ್ನಡನಾಡಿನ ಆಹಾರವನ್ನೇ ಪ್ರಬಂಧವಿಷಯವನ್ನಾಗಿ ಕೈಕೊಂಡವನು ಅದರ ಪೂರ್ವಸ್ಥಿತಿಯನ್ನು ತಿಳಿಯಬೇಕಾದರೆ ಪ್ರಾಚೀನ ಗ್ರಂಥಗಳನ್ನು ಆಶ್ರಯಿಸದೆ ಗತ್ಯಂತರವಿಲ್ಲ. ಆ ಗ್ರಂಥಗಳು ಯಾವ ಅಂಶದಲ್ಲಿ ಪ್ರಮಾಣವಾಗುವುವು, ಯಾವ ಅಂಶದಲ್ಲಿ ಆಗಲಾರವು ಎಂಬುದು ಇಲ್ಲಿ ವಿಚಾರಣೀಯವಾದ ವಿಷಯ.

ಹನ್ನೊಂದನೆಯ ಶತಮಾನದಲ್ಲಿ, ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಎರಡನೆಯ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿಯೇ ಪಾಕವಿಷಯಕ್ಕೆ ಎಡೆ ದೊರೆತಿರುವುದು. ಹದಿನಾರನೆಯ ಶತಮಾನದ ಆರಂಭದಲ್ಲಿದ್ದ ಮೂರನೆಯ ಮಂಗರಸನಾದರೋ ‘ಸೂಪಶಾಸ್ತ್ರ’ವೆಂಬ ಸ್ವತಂತ್ರ ಗ್ರಂಥವನ್ನೇ ವಾರ್ಧಕ ಷಟ್ಪದಿಯಲ್ಲಿ ಬರೆದನು. ಹಿಟ್ಟಿನ ಭಕ್ಷ್ಯಗಳು, ಪಾನಕಗಳು, ಅನ್ನಭೇದಗಳು, ಬದನೆ ಬಾಳೆ ಹಲಸುಗಳ ಪಾಕಗಳು, ಬಿದಿರ ಕಳಲೆ ಮುಂತಾದುವು ಅದರಲ್ಲಿ ಬಂದಿವೆ. ಅಡುಗೆಯ ಮಾತನ್ನು ಷಟ್ಪದಿಯ ಬಂಧಕ್ಕೆ ಒಗ್ಗಿಸಿದುದು ಸಾಮಾನ್ಯ ಕಾರ್ಯವಲ್ಲ.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ: ಮಂಗರಸನು ಹೇಳಿದ ಪದಾರ್ಥಗಳನ್ನು ಪಟ್ಟಿಮಾಡಿ, 2017ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 528 ಆಹಾರಗಳನ್ನು ಕುರಿತು ಪ್ರಕಟಿಸಿದ ಕೋಷ್ಟಕಗಳೊಡನೆ ಹೋಲಿಸಿದರೆ, ಅಂದಿನವರ ಪೋಷಣಸ್ಥಿತಿ ಸ್ಪಷ್ಟವಾಗಲಾರದೆ? ಆಗಲಾರದು. ಚರಕಸಂಹಿತೆಯ ವಿಮಾನಸ್ಥಾನವು ಆಹಾರವನ್ನು ವಿಚಾರಿಸುವಾಗ ಎಂಟು ಅಂಗಗಳನ್ನು ಎಣಿಸುತ್ತದೆ: ಪ್ರಕೃತಿ, ಕರಣ, ಸಂಯೋಗ, ರಾಶಿ, ದೇಶ, ಕಾಲ, ಉಪಯೋಗದ ನಿಯಮ, ಉಪಯೋಗಿಸುವವನು. ಪಾಕಗ್ರಂಥವು ಮುಖ್ಯವಾಗಿ ತಿಳಿಸುವುದು ಕರಣವನ್ನು ಎಂದರೆ ಸಂಸ್ಕಾರವನ್ನು, ಮತ್ತು ಸಂಯೋಗವನ್ನು. ಯಾರು, ಎಷ್ಟನ್ನು, ಎಷ್ಟು ಸಲ ಉಂಡರು ಎಂಬುದಕ್ಕೆ ಅದು ಸಾಕ್ಷಿಯಲ್ಲ. ರಾಶಿಯೂ ಭೋಕ್ತೃವೂ ತಿಳಿಯದಿರುವಲ್ಲಿ ಪೋಷಣದ ಲೆಕ್ಕವು ಬರಿಯ ಊಹೆಯಾಗುವುದು.

ಇದಲ್ಲದೆ ಗ್ರಂಥದ ಮೌನವನ್ನೂ ಪ್ರಮಾಣವೆಂದು ಹಿಡಿಯಬಾರದು. ಮಂಗರಸನು ಜೈನನಾದುದರಿಂದ ಅವನ ಪಾಕಶಾಲೆಯಲ್ಲಿ ಮಾಂಸಕ್ಕೆ ಸ್ಥಳವಿಲ್ಲ. ಇದೇ ನಾಡಿನಲ್ಲಿ ಆಳಿದ ಮೂರನೆಯ ಸೋಮೇಶ್ವರನ ಸಂಸ್ಕೃತ ‘ಮಾನಸೋಲ್ಲಾಸ’ದ ಅನ್ನಭೋಗಪ್ರಕರಣದಲ್ಲಿ ಮಾಂಸಪಾಕಗಳೂ ಮತ್ಸ್ಯಪಾಕಗಳೂ ಧಾರಾಳವಾಗಿ ಬರುತ್ತವೆ. ಒಂದನ್ನೇ ಓದಿ ನಾಡಿನವರೆಲ್ಲರೂ ಶಾಕಾಹಾರಿಗಳಾಗಿದ್ದರೆಂದಾಗಲಿ, ಇನ್ನೊಂದನ್ನೇ ಓದಿ ಮಾಂಸಾಹಾರಿಗಳಾಗಿದ್ದರೆಂದಾಗಲಿ ಸಾಧಿಸುವುದು ಅತಿವ್ಯಾಪ್ತಿದೋಷಕ್ಕೆ ಉದಾಹರಣೆ.

ಶಬ್ದಾರ್ಥದ ತೊಡಕು ಇದಕ್ಕಿಂತಲೂ ಸೂಕ್ಷ್ಮವಾದುದು. ಹಳೆಯ ಪಾಕಗ್ರಂಥಗಳ ‘ಮೆಣಸು’ ಕರಿಯ ಮೆಣಸೇ ಹೊರತು ಮೆಣಸಿನಕಾಯಿಯಲ್ಲ. ಅಮೆರಿಕದಿಂದ ಹೊರಟ ಆ ಕಾಯಿಯು ಪೋರ್ಚುಗೀಸರು ಬಂದ ಬಳಿಕ ಈ ನಾಡನ್ನು ಸೇರಿತು. ವೈದ್ಯಗ್ರಂಥಗಳ ‘ಲಘು’ ‘ಗುರು’ ಶಬ್ದಗಳೂ ಹಾಗೆಯೇ. ಅವು ಜಠರಾಗ್ನಿಯು ಆಹಾರವನ್ನು ಪಚನಮಾಡುವ ಸೌಕರ್ಯವನ್ನು ಕುರಿತವು. ಅವನ್ನು ಕ್ಯಾಲೊರಿಯ ಅಲ್ಪಾಧಿಕ್ಯವೆಂದು ಭಾಷಾಂತರಿಸಿದರೆ ಎರಡು ಶಾಸ್ತ್ರಗಳಿಗೂ ಅನ್ಯಾಯವಾಗುತ್ತದೆ.

ಹಾಗಾದರೆ ಕಾವ್ಯದಿಂದ ಈ ವ್ಯಾಸಂಗಕ್ಕೆ ಪ್ರಯೋಜನವೇ ಇಲ್ಲವೆ? ಉಂಟು. ಕನಕದಾಸರ ‘ರಾಮಧಾನ್ಯಚರಿತೆ’ಯನ್ನು ನೋಡತಕ್ಕುದು. ಅಲ್ಲಿ ನರೆದಲೆಗನೆಂಬ ರಾಗಿಗೂ ವ್ರೀಹಿಗೂ ವಾದವೇರ್ಪಟ್ಟು, ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸಲಾಗಿ ರಾಗಿಯೇ ಕೆಡದೆ ಉಳಿಯಿತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಸುಣ್ಣಾಂಶವಿರುವುದೆಂದೂ, ಬೆಳ್ತಿಗೆ ಅಕ್ಕಿಯಲ್ಲಿ ಅದು ಹತ್ತು ಮಿಲಿಗ್ರಾಮಿಗಿಂತ ಕಡಮೆಯೆಂದೂ ಇಂದಿನ ಕೋಷ್ಟಕಗಳು ಹೇಳುತ್ತವೆ. ಇದರಿಂದ ಕವಿಗೆ ಸುಣ್ಣಾಂಶದ ಜ್ಞಾನವಿದ್ದಿತೆಂದು ಹೇಳುವುದು ಹಾಸ್ಯಾಸ್ಪದ. ಕಾವ್ಯದ ಪರೀಕ್ಷೆ ಧಾನ್ಯದ ಬಾಳಿಕೆಯನ್ನು ಕುರಿತದ್ದು. ಅದರ ಹೃದಯವು ಬಡವನ ಹೊಟ್ಟೆಯನ್ನು ಹೊರೆಯುವ ಧಾನ್ಯಕ್ಕೆ ಸಲ್ಲಬೇಕಾದ ಗೌರವವನ್ನು ಕುರಿತದ್ದು. ಆದರೆ ಯಾವ ಧಾನ್ಯವು ಯಾರ ಊಟವೆಂದು ಎಣಿಸಲ್ಪಡುತ್ತಿದ್ದಿತು, ಯಾವುದಕ್ಕೆ ಏಕೆ ಹೀನತೆ ಬಂದಿತು ಎಂಬುದನ್ನು ಯಾವ ಪ್ರಯೋಗಶಾಲೆಯೂ ತಿಳಿಸಲಾರದು. ಪೌಷ್ಟಿಕವಾದುದನ್ನು ಜನರು ಏಕೆ ತೊರೆಯುತ್ತಾರೆಂಬ ಪ್ರಶ್ನೆ ಪೋಷಣಶಾಸ್ತ್ರಕ್ಕೂ ಸೇರಿದ್ದೆಂಬುದನ್ನು ಮರೆಯಲಾಗದು.

ಆದುದರಿಂದ ಇಂತಹ ಪ್ರಬಂಧಗಳನ್ನು ರಸಾಯನಜ್ಞರೊಡನೆ ಹಳಗನ್ನಡ ಬಲ್ಲವರೂ ಪರೀಕ್ಷಿಸುವುದು ಯುಕ್ತ. ಹಾಗೆಯೇ ಪಾಕಗ್ರಂಥಗಳನ್ನು ಸಂಪಾದಿಸುವ ಪಂಡಿತರು ಪಾಠಾಂತರಗಳಿಂದಲೇ ತೃಪ್ತರಾಗದೆ, ಸಸ್ಯನಾಮಗಳನ್ನೂ ಮಾನಗಳನ್ನೂ ತಜ್ಞರೊಡನೆ ಕಲೆತು ನಿರ್ಣಯಿಸಬೇಕು. ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬದಿದ್ದಲ್ಲಿ ವಿದ್ಯಾರ್ಥಿಗೆ ಪದವಿ ದೊರೆತೀತು. ನಾಡಿನ ಆಹಾರದ ಚರಿತ್ರೆ ಮಾತ್ರ ದೊರೆಯಲಾರದು.