ಜತ್ತಿಯವರ ಎಚ್ಚರ

ಪಟವರ್ಧನರ ಜಮಖಂಡಿ, ಘೋರ್ಪಡೆಯವರ ಮುಧೋಳ ಎಂದು ಕಿರುಸಂಸ್ಥಾನಗಳಾಗಿ ಹರಿದು ಹಂಚಿಹೋಗಿದ್ದ ಕೃಷ್ಣಾ-ಘಟಪ್ರಭೆಗಳ ಸೀಮೆಯಲ್ಲಿ, ಸಾವಳಗಿಯಲ್ಲಿ 1912ರಲ್ಲಿ ಜನಿಸಿ, ಜಮಖಂಡಿಯ ಪುರಸಭೆಯಿಂದ ತೊಡಗಿ, 1958ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿಪದವನ್ನೂ, ತರುವಾಯ ಒರಿಸ್ಸಾದ ರಾಜ್ಯಪಾಲತ್ವವನ್ನೂ, 1977ರಲ್ಲಿ ಐದು ತಿಂಗಳ ಮಟ್ಟಿಗೆ ಹಂಗಾಮಿ ರಾಷ್ಟ್ರಪತಿಯ ಪೀಠವನ್ನೂ ಏರಿದ ಬಸಪ್ಪ ದಾನಪ್ಪ ಜತ್ತಿಯವರನ್ನು ಕುರಿತು ನಮ್ಮ ಭಾಗದ ಜನ ಆಡುವ ಮಾತು ಬಹುಮಟ್ಟಿಗೆ ಅಭಿಮಾನದ್ದು, ವಿವೇಚನೆಯದು ವಿರಳ.

ಅವರನ್ನು ಸಂಪ್ರದಾಯಶೀಲರೆನ್ನುವುದು ವಾಡಿಕೆ. ಆದರೆ ಏಕೀಕರಣದ ಬೆನ್ನಿಗೇ ಭೂಸುಧಾರಣಾ ಸಮಿತಿಯ ಅಧ್ಯಕ್ಷರಾಗಿ, ಪ್ರಾಂತಕ್ಕೊಂದು ಬಗೆಯಾಗಿದ್ದ ಗೇಣಿಯ ಕಾನೂನುಗಳನ್ನು ಒಂದೇ ಸೂತ್ರಕ್ಕೆ ತಂದು 1961ರ ಶಾಸನಕ್ಕೆ ತಳಹದಿ ಹಾಕಿದವರೂ ಅವರೇ. ಸ್ವಂತ ಸಾಗುವಳಿಯ ನೆಪದಿಂದ ಒಡೆಯನು ಹೊಲವನ್ನು ಮರಳಿ ಪಡೆಯುವ ದಾರಿ ಆ ಶಾಸನದಲ್ಲಿ ಉಳಿದೇ ಇದ್ದಿತು. ಅದನ್ನು ಮುಚ್ಚುವುದಕ್ಕೆ ದೇವರಾಜ ಅರಸರ 1974ರ ತಿದ್ದುಪಡಿಯೇ ಬೇಕಾಯಿತು. ಯಾರನ್ನೂ ನೋಯಿಸದೆ ನ್ಯಾಯ ಮಾಡಹೊರಟವರ ಕಾನೂನು ಹೀಗೆಯೇ ಇರತಕ್ಕದ್ದು.

ಈ ಎಚ್ಚರದ ನಿಜವಾದ ಪರೀಕ್ಷೆ ನಡೆದದ್ದು ಭುವನೇಶ್ವರದಲ್ಲಿ. 1973ರ ಮಾರ್ಚಿನಲ್ಲಿ ಕಾಂಗ್ರೆಸ್ಸಿನ ಮುಖ್ಯಮಂತ್ರಿ ನಂದಿನಿ ಸತ್ಪಥಿಯವರು ಬಹುಮತ ಕಳೆದುಕೊಂಡು ರಾಜೀನಾಮೆಯಿತ್ತಾಗ, ಶಾಸಕರ ಬೆಂಬಲ ತಮಗಿದೆಯೆಂದು ಬಿಜು ಪಟ್ನಾಯಕರು ಮುಂದೆ ಬಂದರೂ, ಅವರನ್ನು ಕರೆಯದೆ, ಬಲಾಬಲವನ್ನು ಸದನದಲ್ಲಿ ಅಳೆಯಲೂ ಎಡೆಗೊಡದೆ, ರಾಜ್ಯಪಾಲ ಜತ್ತಿಯವರು ರಾಷ್ಟ್ರಪತಿ ಆಳ್ವಿಕೆಗೆ ಶಿಫಾರಸು ಮಾಡಿದರು. ಕಾಂಗ್ರೆಸ್ ಆಳುತ್ತಿದ್ದ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಬೇಕೆಂದು ಮೊರಾರ್ಜಿ ದೇಸಾಯಿಯವರ ಮಂತ್ರಿಮಂಡಲ 1977ರ ಏಪ್ರಿಲಿನಲ್ಲಿ ಸಲಹೆಯಿತ್ತಾಗಲಾದರೋ, ಅದೇ ಕೈ ಅಂಕಿತ ಹಾಕಲು ತಡೆಯಿತು. ಮಂತ್ರಿಮಂಡಲದ ಸಲಹೆಗೆ ರಾಷ್ಟ್ರಪತಿ ಕಟ್ಟುಬಿದ್ದವರೆಂದು ನಾಲ್ವತ್ತೆರಡನೆಯ ತಿದ್ದುಪಡಿ ಸ್ಪಷ್ಟವಾಗಿ ಸಾರಿದ್ದರೂ, ಸಂಪುಟ ಮತ್ತೊಮ್ಮೆ ಒತ್ತಾಯಿಸಿದ ಮೇಲೆಯೇ ಅಂಕಿತ ಬಿದ್ದಿತು. ಆ ಒಂಬತ್ತರಲ್ಲಿ ಒರಿಸ್ಸಾವೂ ಒಂದು!

ಅವರ ಅಭಿಮಾನಿಗಳು ಈ ಎರಡನೆಯ ಪ್ರಸಂಗವನ್ನು ಅಂತಃಸಾಕ್ಷಿಯ ಧ್ವನಿಯೆಂದು ಕೊಂಡಾಡುವುದುಂಟು. ಚುನಾಯಿತ ಸಭೆಗಳನ್ನು ಗುಡಿಸಿಹಾಕುವುದಕ್ಕೆ ಮುನ್ನ ಕ್ಷಣಕಾಲ ನಿಂತು ಯೋಚಿಸುವುದು ತಪ್ಪೆಂದು ನಾನಂತೂ ಹೇಳಲಾರೆ. ಆದರೆ ಎರಡು ಸಲವೂ, ತ್ವರೆಯಲ್ಲಿಯೂ ತಡೆಯಲ್ಲಿಯೂ, ಲಾಭದ ಕಡೆ ಕಾಂಗ್ರೆಸ್ಸಿನದೇ ಆಗಿದ್ದುದನ್ನು ಕಾಕತಾಳೀಯವೆಂದು ನಂಬುವುದಕ್ಕೆ ಬಹಳ ಔದಾರ್ಯ ಬೇಕು. ಬಹುಮತದ ನಿರ್ಣಯ ರಾಜಭವನದಲ್ಲಲ್ಲ, ಸದನದಲ್ಲಿಯೇ ಆಗತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯ 1994ರಲ್ಲಿ ವಿಧಿಸಿತು. ಅದಕ್ಕೆ ಕಾರಣವಾದ ಮೊಕದ್ದಮೆಯನ್ನು ಹೂಡಿದವರು, ಜತ್ತಿಯವರಂತೆಯೇ ಉತ್ತರ ಕರ್ನಾಟಕದಿಂದ ಬಂದು ಅದೇ ಮುಖ್ಯಮಂತ್ರಿಯ ಕುರ್ಚಿಯಲ್ಲಿ ಕುಳಿತಿದ್ದ ಎಸ್. ಆರ್. ಬೊಮ್ಮಾಯಿಯವರು.